ನಾಲ್ಕು ಜನರ ಮುಂದೆ

"ಬೇವರ್ಸಿ! ಬಾಲ್ದಿ ಆಚೆ ಹಿಡಿ! ಪ್ಯಾಂಟಿಗೆಲ್ಲ ನೀರು ಚೆಲ್ಲಿದ್ಯಲ್ಲ!"

ಲಿಫ್ಟಿನ ಬಾಗಿಲು ಮುಚ್ಚಿತ್ತು. ಒಳಗಿದ್ದವರು ಇಬ್ಬರೇ: ಕದ್ರಿಯ ಆ ಫ್ಲ್ಯಾಟಿನಲ್ಲಿ ಮೆಟ್ಟಿಲು ಒರೆಸುವ ದೇಯಿ ಮತ್ತು ಅಸೋಸಿಯೇಶನ್ನಿನ ಕಾರ್ಯದರ್ಶಿ ಮುಖೇಶ್. ಬೇವರ್ಸಿ ಎನ್ನಿಸಿಕೊಳ್ಳುವುದು ದೇಯಿಗೆ ಹೊಸತಲ್ಲ. ಅದನ್ನು ಅವಳು ಒರೆಸುಬಟ್ಟೆಯ ನೀರಿನಂತೆ ಹಿಂಡಿ ಬಿಡುತ್ತಿದ್ದಳು. ಆದರೆ ಅದರ ಬೆನ್ನಿಗೇ ಮುಖೇಶ್ ಅವಳ ಜಾತಿಯ ಹೆಸರನ್ನು ಉಗುಳಿದರು.

ಬಾಗಿಲು ತೆರೆಯಿತು. ಹೊರಗೆ ಜನ ನಿಂತಿದ್ದರು.

"ಜಾಗ್ರತೆ ದೇಯಿಯಕ್ಕಾ, ಜಾರ್ತದೆ," ಎಂದರು ಮುಖೇಶ್.

ಠಾಣೆಯಲ್ಲಿ ಎಸ್ಸೈ ಕೇಳಿದರು: "ಎಂತ ಹೇಳಿದ್ರು? ಹೇಳಿದ ಹಾಗೇ ಹೇಳು."

ದೇಯಿ ಹೇಳಿದಳು.

"ಜೋರಾಗಿ."

ಜೋರಾಗಿ ಹೇಳಿದಳು. ಪಾಸ್‌ಪೋರ್ಟಿನ ಕೆಲಸಕ್ಕೆ ಬಂದು ಕುಳಿತವರೆಲ್ಲ ತಿರುಗಿ ನೋಡಿದರು.

"ನಿನ್ನ ಜಾತಿ ಅದೇ ಅಲ್ವಾ? ಮತ್ತೆ ಬೈಗುಳ ಹೇಗೆ ಆಗ್ತದೆ?"

"ಅವರು ಅರ್ಜಿಯಲ್ಲಿ ಜಾತಿ ತುಂಬಿಸ್ತಾ ಇರ್ಲಿಲ್ಲ ಸರ್."

"ಲಿಫ್ಟಲ್ಲಿ ಮತ್ಯಾರಿದ್ರು?"

"ಯಾರೂ ಇರ್ಲಿಲ್ಲ."

ಎಸ್ಸೈ ಪೆನ್ನಿಗೆ ಮುಚ್ಚಳ ಹಾಕಿದರು. "ನಾಲ್ಕು ಜನರ ಮುಂದೆ ಹೇಳಿದ್ರೆ ಮಾತ್ರ ಅಟ್ರಾಸಿಟಿ ಕೇಸ್ ನಿಲ್ಲುದು. ಬೇಕಾದ್ರೆ ಹೋಗಿ ಕೇಳು, ಜನರ ಎದುರು ಇನ್ನೊಮ್ಮೆ ಹೇಳ್ತಾರಾ ಅಂತ."

ಪೇದೆ ನಕ್ಕ. ದೇಯಿ ನಗಲಿಲ್ಲ, ಅದನ್ನು ಸಲಹೆಯೆಂದೇ ತೆಗೆದುಕೊಂಡಳು.

ಫ್ಲ್ಯಾಟಿನ ವಾರ್ಷಿಕೋತ್ಸವದಲ್ಲಿ, ಹಳೆಯ ಕೆಲಸದವಳೆಂದು, ಸನ್ಮಾನಕ್ಕೆ ಅವಳ ಹೆಸರೇ ಬಂತು. ಮುಖೇಶರ ಮನೆಯ ಅಡುಗೆಯ ಶರೀಫಾ ಅಲ್ಲಿ ಐಸ್‌ಕ್ರೀಮ್ ಹಂಚುತ್ತಿದ್ದಳು. ಠಾಣೆಯ ಸಂಗತಿ ಗೊತ್ತಿದ್ದದ್ದು ಅವಳೊಬ್ಬಳಿಗೆ.

"ಸುಮ್ನೆ ಶಾಲು ತಕ್ಕೊಂಡು ಬಾ ಮಾರಾಯ್ತಿ. ಕೆಲಸ ಹೋದ್ರೆ ಎಂತ ತಿಂತಿ?"

"ಶಾಲು ತಿನ್ಲಿಕ್ಕಾಗ್ತದಾ?"

ಶಾಲು ಹೊದಿಸಿ, "ದೇಯಿಯಕ್ಕ ನಮ್ಮ ಕುಟುಂಬದವರೇ," ಎಂದ ಮುಖೇಶ್, ಮೈಕನ್ನು ಅವಳ ಕೈಗಿತ್ತರು. "ಎರಡು ಮಾತಾಡಿ."

"ನನ್ನದೆಂತ ಮಾತು ಸರ್? ಲಿಫ್ಟಲ್ಲಿ ನನಗೆ ಹೇಳಿದಿರಲ್ಲ, ಅದನ್ನೇ ಇಲ್ಲಿ ಹೇಳಿ."

ಮುಖೇಶರ ನಗು ನಿಂತಲ್ಲೇ ನಿಂತಿತು. "ಎಂತ ಹೇಳಿದ್ದು?"

"ಜಾತಿ ಹಿಡಿದು ಹೇಳಿದ್ದು. ನಾನು ಹೇಳಿದ್ರೆ ಕೇಸಾಗುದಿಲ್ಲಂತೆ. ನೀವೇ ಹೇಳ್ಬೇಕಂತೆ."

ಅವರು ಮೈಕನ್ನು ಎಳೆದರು. ದೇಯಿ ಬಿಡಲಿಲ್ಲ. ಇನ್ನೊಮ್ಮೆ ಎಳೆದರು. ಬಟ್ಟೆ ಹಿಂಡಿ ಹಿಂಡಿ ಗಟ್ಟಿಯಾದ ಕೈ, ಸಡಿಲಲಿಲ್ಲ.

"ಬಿಡೇ ರಂಡೆ!" ಎಂದವರೇ ಮುಖೇಶ್ ಆ ಜಾತಿಯ ಹೆಸರನ್ನೂ ಕಿರುಚಿದರು. ಅದು ಸ್ಪೀಕರಿನಿಂದ ಹೊರಟು, ಕಾಂಪೌಂಡ್ ದಾಟಿ, ರಸ್ತೆಗೆ ಹೋಗಿ ಬಿತ್ತು.

"ಉಪಕಾರ ಸರ್," ಎಂದ ದೇಯಿ ಕುರ್ಚಿಗಳತ್ತ ತಿರುಗಿದಳು. "ಕೇಳಿತಲ್ಲ? ಸ್ಟೇಷನ್ನಿಗೆ ಯಾರು ಬರ್ತೀರಿ?"

ಮುಂದಿನ ಸಾಲಿನ ವಕೀಲರು ಐಸ್‌ಕ್ರೀಮ್ ಕಪ್ಪಿನ ತಳವನ್ನು ಕೆರೆಯತೊಡಗಿದರು. ಪಕ್ಕದ ಡಾಕ್ಟರರಿಗೆ, ರಿಂಗಾಗದೆಯೇ, ಫೋನು ಬಂತು. ಇಡೀ ಅಂಗಳದಲ್ಲಿ ಯಾರಿಗೂ ಏನೂ ಕೇಳಿಸಿರಲಿಲ್ಲ.

"ನನಗೆ ಕೇಳಿತು," ಎಂದಳು ಶರೀಫಾ.

"ಶರೀಫಾ! ಒಳಗೆ ಹೋಗು!" ಮುಖೇಶರ ಹೆಂಡತಿ ಹಲ್ಲು ಕಚ್ಚಿ ಹೇಳಿದರು.

ಶರೀಫಾ ಐಸ್‌ಕ್ರೀಮಿನ ತಟ್ಟೆಯನ್ನು ಅವರ ರೇಷ್ಮೆ ಸೀರೆಯ ಮಡಿಲಿಗಿಟ್ಟು, ತನ್ನ ಚಪ್ಪಲಿ ಹುಡುಕತೊಡಗಿದಳು.