ನಾಲ್ಕು ಪಟ್ಟಿಗೆ ಗರಿಷ್ಠ ಮಿತಿ

ಗಂಡ ಲಿಫ್ಟ್ ತಪಾಸಣೆಯ ಅಧಿಕಾರಿ. ಎಂಟು ಜನ ಎಂದು ಬರೆದ ಲಿಫ್ಟಿಗೆ ಒಂಬತ್ತನೆಯವರಾಗಿ ಸ್ವಂತ ಅತ್ತೆಯೇ ಕಾಲಿಟ್ಟರೂ ಇಳಿಸುವ ಮನುಷ್ಯ. ಒಮ್ಮೆ ಇಳಿಸಿಯೂ ಇದ್ದ. ಆಕೆ ಇವತ್ತಿಗೂ ಮರೆತಿಲ್ಲ. ಇಂಥವನು ಹೆಂಡತಿಯ ಕಂಪ್ಯೂಟರ್ ವಿಷಯದಲ್ಲಿ ಮಾತ್ರ ಮಿತಿ ಎಂಬ ಪದವನ್ನೇ ಕೇಳಿರದವನಂತೆ ಆಡುತ್ತಿದ್ದ.

ಅವಳು ಮನೆಯಲ್ಲೇ ಕೂತು ಕಟ್ಟಡ ವಿನ್ಯಾಸದ ಕಚೇರಿಯೊಂದಕ್ಕೆ ನಕ್ಷೆ ಬರೆದುಕೊಡುವವಳು. ಹನ್ನೊಂದು ವರ್ಷ ಬರೆದ ನಕ್ಷೆಗಳ ಮೂಲೆಯ ಚೌಕದಲ್ಲೆಲ್ಲ ಬೇರೆಯವರ ಹೆಸರು. ಈ ಸಲ ಶಾಲೆಯೊಂದರ ಸುರುಳಿ ಮೆಟ್ಟಿಲು ಮಾತ್ರ ಪೂರ್ತಿ ಅವಳದೇ ಕಲ್ಪನೆ.

"ನಾಳೆ ಮೂರು ಗಂಟೆಯೊಳಗೆ ಬಂದ್ರೆ ನಿಮ್ಮ ಹೆಸರೇ ಹಾಕಿ. ತಡವಾದ್ರೆ ಇಲ್ಲಿ ಯಾರಾದ್ರೂ ಮುಗಿಸ್ತಾರೆ, ಅವರ ಹೆಸರು ಹೋಗುತ್ತೆ," ಎಂದಿದ್ದರು ಕಚೇರಿಯ ಮೇಡಂ.

ಮೆಟ್ಟಿಲನ್ನು ಪರದೆಯ ಮೇಲೆ ತಿರುಗಿಸಿ ನೋಡಲು ಯಂತ್ರ ತಿಣುಕುತ್ತದೆ ಎಂದು ಗಂಡನ ಕಿವಿಗೆ ಹಾಕಿದ್ದೇ ತಪ್ಪಾಯಿತು. ಅವನು ಎರಡು ಜೊತೆ ಹೊಸ ಮೆಮೊರಿ ಪಟ್ಟಿ, ಅಂದರೆ ರ‍್ಯಾಮ್, ತಂದ. ಬೆಳಿಗ್ಗೆ ಎದ್ದವನೇ ಹಳೆಯದನ್ನು ಕಿತ್ತು ನಾಲ್ಕನ್ನೂ ಕೂರಿಸಿದ. ಡಬ್ಬಿಯ ಮೇಲೆ ವೇಗ 3600 ಎಂದಿತ್ತು. ಪರದೆ 2666 ಎಂದಿತು.

"ನೋಡು, ನೋಡು! ಆನೆ ತಂದು ಕಟ್ಟಿದ್ರೆ ಕತ್ತೆ ಥರ ನಡೀತಿದೆ," ಎಂದು ಗೊಣಗುತ್ತ ಸೆಟ್ಟಿಂಗ್ ಒಳಗೆ ಹೊಕ್ಕು, ವೇಗವನ್ನು 3600ಕ್ಕೆ ಏರಿಸಿ, ಮೀಸೆ ತಿರುವಿಕೊಂಡು ಕೆಲಸಕ್ಕೆ ಹೋದ.

ಹತ್ತು ಗಂಟೆಯೊಳಗೆ ಪರದೆ ಮೂರು ಸಲ ಕಲ್ಲಾಯಿತು. ಮೂರನೆಯ ಸಲ ಫೈಲೇ ತೆರೆಯಲಿಲ್ಲ. ಉಳಿದದ್ದು ನಿನ್ನೆಯ ಪ್ರತಿ. ಅದರಲ್ಲಿ ಮೆಟ್ಟಿಲಿಗೆ ಹಿಡಿಗಂಬಿಯೇ ಇಲ್ಲ. ಗಂಡನಿಗೆ ಫೋನ್ ಮಾಡಿದಳು.

"ನೀನು ಒಟ್ಟಿಗೆ ಹತ್ತು ಫೈಲ್ ತೆಗೀತೀಯ, ಅದಕ್ಕೇ."

ಹಾಲು ಉಕ್ಕಿದರೂ ಅವಳಿಂದ, ಬಾಗಿಲು ಕಿರುಗುಟ್ಟಿದರೂ ಅವಳಿಂದ. ಇದೇನೂ ಹೊಸದಲ್ಲ. ಹೊಸದೆಂದರೆ, ಈ ಸಲ ಅವಳು ನಂಬಲಿಲ್ಲ. ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದ ನಾದಿನಿಯನ್ನು ಕೇಳಿದಳು.

"ಅಯ್ಯೋ ಅತ್ತಿಗೆ, ಅಣ್ಣ ಡಬ್ಬಿ ಓದಿದಾನೆ, ಮದರ್‌ಬೋರ್ಡಿನ ಪುಸ್ತಕ ಓದಿಲ್ಲ. ಪಟ್ಟಿ ಓಡುತ್ತೆ ಸರಿ, ಬೋರ್ಡು, ಪ್ರೊಸೆಸರ್ ಹೊರಬೇಕಲ್ಲ? ನಾಲ್ಕೂ ತುಂಬಿದ್ರಂತೂ ಹೊರೋ ವೇಗ ಇನ್ನೂ ಇಳಿಯುತ್ತೆ. ಎಷ್ಟು ಅಂತ ಪುಸ್ತಕದಲ್ಲೇ ಇರುತ್ತೆ ನೋಡಿ."

ಪುಸ್ತಕ ಚಪ್ಪಲಿ ಗೂಡಿನ ಕುಂಟು ಕಾಲಿನ ಕೆಳಗಿತ್ತು. ಕೊನೆಯ ಪುಟದಲ್ಲಿ ಸಾಸಿವೆಯಂಥ ಅಕ್ಷರ: ಎರಡು ಪಟ್ಟಿಗೆ 3200, ನಾಲ್ಕಕ್ಕೆ 2933. ಅವಳು ಅದನ್ನು ಎರಡು ಸಲ ಓದಿದಳು. ತಾನು ಮದುವೆಯಾಗಿ ಬಂದ ದಿನ ಇಂಥದೊಂದು ಪುಟವನ್ನು ಯಾರಾದರೂ ಜೊತೆಗಿಟ್ಟು ಕಳಿಸಿದ್ದರೆ ಎನ್ನಿಸಿತು. ಕಳಿಸಿದ್ದರೂ ಯಾವುದೋ ಗೂಡಿನ ಕಾಲಿಗೆ ಆನಿಸಿರುತ್ತಿದ್ದರೇನೋ.

ವೇಗವನ್ನು 2933ಕ್ಕೆ ಇಳಿಸಿದಳು. ಗಡಿಯಾರ ಎದೆಯಲ್ಲೇ ಬಡಿಯುತ್ತಿದ್ದರೂ, ನಾದಿನಿ ಹೇಳಿದಂತೆ ಒಂದು ಗಂಟೆ ಮೆಮೊರಿ ಪರೀಕ್ಷೆ ಓಡಿಸಿ ಕೈಕಟ್ಟಿ ಕೂತಳು. ತಪ್ಪು: ಸೊನ್ನೆ. ಆಮೇಲೆ ಊಟದ ನೆನಪೂ ಇಲ್ಲದೆ ಹಿಡಿಗಂಬಿಯನ್ನು ಮತ್ತೆ ಬರೆದಳು. ಮೂರಕ್ಕೆ ಹತ್ತು ನಿಮಿಷವಿದ್ದಾಗ ಮೂಲೆಯ ಚೌಕದಲ್ಲಿ ತನ್ನ ಹೆಸರು ತುಂಬಿ ಕಳಿಸಿದಳು.

"ಬಂತು. ಚೆನ್ನಾಗಿದೆ," ಎಂದು ಉತ್ತರ ಬಂತು.

ಸಂಜೆ ಗಂಡ ಬೂಟೂ ಬಿಚ್ಚದೆ ಬಂದು ಮೆಟ್ಟಿಲು ತಿರುಗಿಸಿ ನೋಡಿದ. ಅದು ಬೆಣ್ಣೆಯಲ್ಲಿ ಕೂದಲೆಳೆದಂತೆ ತಿರುಗಿತು.

"ಹೆಂಗೆ! ಮೂರು ಸಾವಿರದ ಆರ್ನೂರು ಅಂದ್ರೆ ಇದು. ನಾನಿಲ್ದಿದ್ರೆ ಏನ್ಮಾಡ್ತಿದ್ದೆ ನೀನು?"

ಅವಳು ಯಂತ್ರದ ಪಕ್ಕಕ್ಕೆ ಅಂಟಿಸಿದ್ದ ಚೀಟಿಯತ್ತ ಕೈ ತೋರಿದಳು. "ಗರಿಷ್ಠ ಮಿತಿ: ನಾಲ್ಕು ಪಟ್ಟಿಗೆ 2933. ಮೀರಬಾರದು."

ಅವನು ಓದಿದ. ಇಪ್ಪತ್ತು ವರ್ಷದ ನೌಕರಿ ಎಲ್ಲಿಂದಲೋ ಎದ್ದು ಬಂದು ಮುಖದ ಮೇಲೆ ಕೂತಿತು. ಸೊಟ್ಟಗಿದ್ದ ಚೀಟಿಯನ್ನು ಹೆಬ್ಬೆರಳಿನಿಂದ ನೆಟ್ಟಗೆ ಮಾಡಿದ. ಆದರೂ ಸುಮ್ಮನಿರಲು ಮನಸ್ಸು ಬರಬೇಕಲ್ಲ.

"ಇದಕ್ಕೆ ಸಹಿ ಎಲ್ಲಿ? ತಪಾಸಣೆ ಮಾಡಿದವರ ಹೆಸರಿಲ್ದಿದ್ರೆ ಫಲಕ ನಡೆಯಲ್ಲ."

"ಹೌದಾ?" ಎಂದು ಅವಳು ಅವನ ಜೇಬಿನಿಂದಲೇ ಪೆನ್ನು ತೆಗೆದು, ಆ ದಿನ ಎರಡನೆಯ ಸಲ, ತನ್ನ ಹೆಸರು ಬರೆದಳು.