ಕೈಗುಣ ಇಲ್ಲದ ಮದ್ದು

ಅಂಕೋಲೆ ಹತ್ತಿರದ ಕೇಣಿಯ ಸುಕ್ರಿ ಸುಳ್ಳು ಹೇಳುವ ಹೆಂಗಸಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಐದು ತಿಂಗಳಿಂದ ಅವಳು ಕಾರವಾರದ ಆಸ್ಪತ್ರೆಯಲ್ಲಿ ಹೇಳುತ್ತ ಬಂದದ್ದು ಬರೀ ಸುಳ್ಳು. ತಿಂಗಳಿಗೊಮ್ಮೆ ಅಲ್ಲಿಗೆ ಹೋಗುವುದು, ಉಮಾ ಎಂಬ ಹುಡುಗಿ ಕಾಗದ ಹಿಡಿದು ಕೇಳುವುದು: "ಸುಕ್ರಕ್ಕ, ಸೊನ್ನೆ ಅಂದ್ರೆ ನೋವೇ ಇಲ್ಲ, ಹತ್ತು ಅಂದ್ರೆ ತಡಿಯೂಕೆ ಆಗದ ನೋವು. ನಿಮ್ಮ ಮೊಣಕಾಲಿಗೆ ಎಷ್ಟು?" ಸುಕ್ರಿ ಒಂದು ಕ್ಷಣವೂ ಯೋಚಿಸದೆ "ಎರಡು" ಎನ್ನುವುದು. ಆಮೇಲೆ ಕುರ್ಚಿಯ ಕೈ ಹಿಡಿದು, ಹಲ್ಲು ಕಚ್ಚಿ, ನಗುನಗುತ್ತ ಏಳುವುದು.

ನೋವು ನಿಜವಾಗಿ ಏಳು. ಭತ್ತದ ಸಸಿ ನೆಡುವ ನೆಟ್ಟಿಯ ದಿನಗಳಲ್ಲಿ ಎಂಟು.

ನಲವತ್ತು ವರ್ಷ ಕಂಡವರ ಗದ್ದೆಯಲ್ಲಿ ಬಗ್ಗಿ ನೆಟ್ಟಿ ಮಾಡಿದ ಮೊಣಕಾಲು ಅದು. ಕೀಲಿನ ಮೆತ್ತೆ ಸವೆದಿದೆ ಎಂದು ಹೇಳಿದವರು ಡಾಕ್ಟರ್ ಗಾಯತ್ರಿ. ಅವರೇ ಈ ಹೊಸ ಅಧ್ಯಯನವನ್ನೂ ವಿವರಿಸಿದ್ದು. ಸೊಂಟದ ಎಲುಬಿನಿಂದ ಒಂದಿಷ್ಟು ಮಜ್ಜೆ ತೆಗೆಯುತ್ತಾರಂತೆ, ಅದರೊಳಗಿನ ಕಾಂಡಕೋಶಗಳನ್ನು ಲ್ಯಾಬಿನಲ್ಲಿ ಬೆಳೆಸುತ್ತಾರಂತೆ, ಮತ್ತೆ ಮೊಣಕಾಲಿಗೆ ಚುಚ್ಚುತ್ತಾರಂತೆ. "ಓಹೋ, ಅಗೆ ಹಾಕಿ ಸಸಿ ಬೆಳೆಸಿ ನೆಟ್ಟಿ ಮಾಡಿದ ಹಾಂಗೆ!" ಎಂದು ಸುಕ್ರಿ ಹೇಳಿದಾಗ ಡಾಕ್ಟರಮ್ಮ ಬಾಯಿತುಂಬ ನಕ್ಕಿದ್ದರು. ಆದರೆ ಒಂದು ಷರತ್ತು. ನಲವತ್ತು ಜನರಲ್ಲಿ ಅರ್ಧ ಜನಕ್ಕೆ ಮಾತ್ರ ಆ ಕೋಶಗಳು, ಉಳಿದರ್ಧ ಜನಕ್ಕೆ ಬರೀ ಉಪ್ಪುನೀರು. ಯಾರಿಗೆ ಯಾವುದು ಬಿತ್ತು ಎಂಬುದು ವರ್ಷ ಮುಗಿಯುವವರೆಗೆ ರೋಗಿಗೂ ಗೊತ್ತಾಗದು, ಡಾಕ್ಟರಿಗೂ ಗೊತ್ತಾಗದು. ಇದೆಂಥ ವೈದ್ಯವೋ ದೇವರೇ ಬಲ್ಲ ಎಂದುಕೊಂಡೇ ಸುಕ್ರಿ ಹೆಬ್ಬೆಟ್ಟು ಒತ್ತಿ, ಸೂಜಿ ಚುಚ್ಚಿಸಿಕೊಂಡಿದ್ದಳು.

ಹಾಗಾದರೆ ಸುಳ್ಳು ಯಾಕೆ? ಅದಕ್ಕೆ ಅವಳ ಅಪ್ಪ ತಿಮ್ಮನ ಕತೆ ಹೇಳಬೇಕು. ತಿಮ್ಮ ಎಲುಬು ಮುರಿದವರಿಗೆ ಬೇರು ಅರೆದು ಕಟ್ಟು ಹಾಕುತ್ತಿದ್ದವನು. ಒಳ್ಳೆಯ ಕೈಗುಣ. ಮದ್ದು ಕೊಟ್ಟವನ ಮುಖಕ್ಕೆ "ತಾಗಲಿಲ್ಲ" ಎಂದು ಹೇಳಬಾರದು, ಹೇಳಿದರೆ ಆ ಕೈಯ ಗುಣ ಹೋಗುತ್ತದೆ ಎಂಬುದು ಅವರ ಕೇರಿಯಲ್ಲಿ ಎಲ್ಲರಿಗೂ ಗೊತ್ತಿದ್ದ ಮಾತು. ಗುಣವಾಗದವನು ಸುಮ್ಮನೆ ಬೇರೆ ಕಡೆ ಹೋಗಬೇಕು, ಅಷ್ಟೆ. ಒಮ್ಮೆ ಪರವೂರಿನವನೊಬ್ಬ ಜಗಲಿಯಲ್ಲಿ ನಿಂತು, "ನಿನ್ನ ಮದ್ದು ಎಂತಕ್ಕೂ ಬರಲಿಲ್ಲ ತಿಮ್ಮಾ" ಎಂದುಬಿಟ್ಟ. ಅಂದಿನಿಂದ ತಿಮ್ಮ ಬೇರು ಮುಟ್ಟಲಿಲ್ಲ. ಜನ ಕಾಲು ಹಿಡಿದರೂ ಮುಟ್ಟಲಿಲ್ಲ. ಅಪ್ಪ ತನ್ನ ಎರಡೂ ಅಂಗೈ ನೋಡಿಕೊಳ್ಳುತ್ತ ಕೂತಿರುತ್ತಿದ್ದುದು ಸುಕ್ರಿಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಇನ್ನು ಗಾಯತ್ರಿ ಡಾಕ್ಟರೋ, "ಊಟ ಆತಾ ಸುಕ್ರಕ್ಕ?" ಎಂದು ಕೇಳದೆ ಸೂಜಿ ಮುಟ್ಟಿದವರಲ್ಲ. ಅಂಥವರ ಕೈಯನ್ನು ಕೆಡಿಸುವುದೇ? ಛೆ!

ಹೀಗೆ ಎರಡು, ಎರಡು ಎನ್ನುತ್ತ ವರ್ಷ ಕಳೆದುಹೋಗುತ್ತಿತ್ತೇನೋ. ಆದರೆ ನಾದಿನಿ ಕಾಮಿ ಇದ್ದಳಲ್ಲ.

ಕಾಮಿಯ ಮೊಣಕಾಲು ಸುಕ್ರಿಯದಕ್ಕಿಂತ ಕಡೆ. ಹೊಸಿಲು ದಾಟಲು ಬಾಗಿಲು ಹಿಡಿಯಬೇಕು, ಹಿತ್ತಲಿಗೆ ಹೋಗಲು ಕೋಲು ಬೇಕು. ಎರಡು ವರ್ಷ ಕಾದ ಮೇಲೆ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಕೀಲು ಬದಲಿಸುವ ಆಪರೇಷನ್ನಿಗೆ ತಾರೀಕು ಸಿಕ್ಕಿತ್ತು. ಒಂದು ಮಧ್ಯಾಹ್ನ ಅವಳು ಕೋಲೂರುತ್ತ ಬಂದು, ಸುಕ್ರಿಯ ಜಗಲಿಯಲ್ಲಿ ಕಾಲು ಚಾಚಿ ಕೂತು, ಬಲು ಖುಷಿಯಲ್ಲಿ ಹೇಳಿದಳು:

"ಅತ್ತಿಗೆ, ನಾ ಹುಬ್ಬಳ್ಳಿಗೆ ಹೋಗೂದಿಲ್ಲ. ಬರೂದಿಲ್ಲ ಅಂತ ನಾಳೆ ಸಂಜೆ ಫೋನ್ ಮಾಡಿ ಹೇಳ್ತೆ. ನಿನ್ನ ಡಾಕ್ಟರ ಅಕ್ಕೋರ ಸೂಜಿಗೇ ಕಾಯ್ತೆ. ಕೊಯ್ಯೂದಿಲ್ಲ, ಹೊಲಿಯೂದಿಲ್ಲ, ಸುಮ್ನೆ ಒಂದು ಸೂಜಿ!"

ಸುಕ್ರಿ ಅವಳ ಕೈ ಹಿಡಿದುಕೊಂಡಳು. "ಹುಚ್ಚು ಹಿಡದದ್ಯಾ ನಿಂಗೆ? ನಂಗೆ ಕಮ್ಮಿ ಆಗಲಿಲ್ಲೆ ಕಾಮಿ. ಏಳು ಇದ್ದದ್ದು ಏಳೇ ಇತ್ತು."

ಕಾಮಿಯ ಮುಖ ಬಿಗಿಯಾಯಿತು. "ಹೋದ ತಿಂಗಳು ನಿನ್ನ ಸಂಗ್ತಿಗೆ ಬಂದವಳು ನಾನೇ ಅಲ್ವಾ? ಎರಡು ಅಂದದ್ದು ನನ್ನ ಕಿವಿಯಾರೆ ಕೇಳಿದೆ. ಡಾಕ್ಟರ ಎದುರಿಗೆ ಯಾರಾದ್ರೂ ಸುಳ್ಳು ಹೇಳ್ತ್ರಾ? ನಂಗೆ ಸಿಗೂದು ಬ್ಯಾಡ ಅಂತ ಇತ್ತು ನಿನ್ನ ಹೊಟ್ಟೆಯೊಳಗೆ. ಹಾಂಗಂತ ಹೇಳು!"

ಮಾಡಿದ್ದುಣ್ಣೋ ಮಹಾರಾಯ ಎಂಬುದು ಇದಕ್ಕೇ. ಸುಕ್ರಿಗೆ ಸಿಟ್ಟೂ ಬಂತು, ಅಳುವೂ ಬಂತು. ಆಣೆ ಹಾಕಿದರೆ ಇವಳು ನಂಬುವವಳಲ್ಲ. ಸುಳ್ಳು ಹೇಳಿದ ಜಾಗದಲ್ಲೇ ನಿಜ ಹೇಳಿದರೆ ಮಾತ್ರ ನಂಬಿಯಾಳು. ಅಂದರೆ ಅಪ್ಪನ ಜಗಲಿಯಲ್ಲಿ ಆ ಪರವೂರಿನವನು ಮಾಡಿದ್ದನ್ನೇ ಈಗ ತಾನೂ ಮಾಡಬೇಕು.

"ನಾಳೆ ಬೆಳಿಗ್ಗೆ ಕಾರವಾರಕ್ಕೆ ನಡಿ," ಎಂದಳು. "ಅಕ್ಕೋರ ಎದುರಿಗೇ ಹೇಳ್ತೆ. ಅಲ್ಲಿವರೆಗೆ ಆ ಫೋನ್ ಮುಟ್ಟಿದ್ರೆ ನೋಡು!"

ಮರುದಿನ ಅಂಕೋಲೆಯ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಹತ್ತಲು ಇಬ್ಬರಿಗೂ ಸೇರಿ ಎಷ್ಟು ಹೊತ್ತು ಬೇಕಾಯಿತೆಂದರೆ, ಕಂಡಕ್ಟರ್ ಎರಡು ಸಲ ಸೀಟಿ ಊದಿದ. "ಊದು ಮಾರಾಯಾ, ಊದಿದ್ರೆ ಕಾಲಿಗೆ ಬಲ ಬತ್ತದಾ?" ಎಂದು ಕಾಮಿ ಅವನನ್ನೇ ಗದರಿಸಿದಳು. ಸುಕ್ರಿಯೋ, ಕಾರವಾರಕ್ಕೆ ಮುಂಚಿನ ಅರ್ಗಾದಲ್ಲಿ ನೌಕಾನೆಲೆಯ ಗೋಡೆ ಮುಗಿಯುವವರೆಗೂ ಮನಸ್ಸಿನಲ್ಲಿ ಒಂದೇ ಮಾತು ತಿರುಗಿಸುತ್ತಿದ್ದಳು: ಹೇಳಿಯೇ ಹೇಳುತ್ತೇನೆ. ಅಪ್ಪ ಮೇಲಿಂದ ಬಯ್ದರೆ ಬಯ್ಯಲಿ.

ಆಸ್ಪತ್ರೆಯಲ್ಲಿ ಗಾಯತ್ರಿ ಡಾಕ್ಟರು ಇವಳನ್ನು ಕಂಡು ಬೆರಗಾದರು. "ನಿಮ್ಮ ದಿನ ಇವತ್ತಲ್ವಲ್ಲ ಸುಕ್ರಕ್ಕ?"

ಸುಕ್ರಿ ಕೂರಲಿಲ್ಲ. ಮೇಜಿನ ಅಂಚು ಹಿಡಿದು ನಿಂತಳು.

"ಏಳು, ಅಕ್ಕೋರೆ. ಐದು ತಿಂಗಳೂ ಏಳೇ. ಎರಡು ಅಂತ ಹೇಳಿದ್ದೆಲ್ಲ ಸುಳ್ಳು. ನಿಮ್ಮ ಮದ್ದು ನಂಗೆ ತಾಗಲಿಲ್ಲ."

ಉಮಾಳ ಪೆನ್ನು ನಿಂತಿತು. ಕಾಮಿ ಕೋಲು ಬಿಟ್ಟು ಬಾಯಿಗೆ ಕೈ ಇಟ್ಟುಕೊಂಡಳು. ಡಾಕ್ಟರಮ್ಮ ತಮ್ಮ ಕೈಗಳನ್ನೇ ನೋಡಿದರು. ಸುಕ್ರಿಗೆ ಜೀವವೇ ಹೋದಂತಾಯಿತು. ಅಪ್ಪನೂ ಹೀಗೇ ನೋಡಿಕೊಂಡಿದ್ದ. ಅವಳು ಅಳುತ್ತ ಅಪ್ಪನ ಕತೆಯನ್ನೂ ಕೈಗುಣದ ಕತೆಯನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸಿದಳು.

ಡಾಕ್ಟರು ಎದ್ದು ಬಂದು ಅವಳನ್ನು ಹಿಡಿದು ಕೂರಿಸಿದರು. "ನಂಗೆ ಬೇಜಾರಾಯ್ತು, ಇಲ್ಲ ಅಂತ ಹೇಳೂದಿಲ್ಲ. ಆದ್ರೆ ಸುಕ್ರಕ್ಕ, ನಾನು ಹುಡುಕ್ತಾ ಇರೂದು ಕೈಗುಣ ಇಲ್ಲದ ಮದ್ದು. ನನ್ನ ಕೈಯಲ್ಲೂ ತಾಗಬೇಕು, ಸಿಡುಕು ಮೋರೆಯ ಡಾಕ್ಟರ ಕೈಯಲ್ಲೂ ತಾಗಬೇಕು, ನಾನು ಸತ್ತ ಮೇಲೂ ತಾಗಬೇಕು. ಅದಕ್ಕೇ ಯಾರಿಗೆ ನೀರು, ಯಾರಿಗೆ ಕೋಶ ಅಂತ ನಂಗೂ ಹೇಳದೆ ಇಟ್ಟದ್ದು. ನೀವು ಏಳು ಅಂದ್ರೆ ನನ್ನ ಕೈ ಕೆಡೂದಿಲ್ಲ. ಎರಡು ಅಂದ್ರೆ ಮದ್ದೇ ಕೆಡ್ತದೆ."

ಆಮೇಲೆ ಕಾಮಿಯ ಕಡೆ ತಿರುಗಿ, ಅವಳು ತಂದಿದ್ದ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು. "ನಿಮ್ಮದು ಎಲುಬಿಗೆ ಎಲುಬು ತಾಗಿದೆ. ಇಷ್ಟು ಸವೆದ ಮೊಣಕಾಲನ್ನು ಈ ಅಧ್ಯಯನಕ್ಕೆ ತಗೊಳ್ಳೂದೇ ಇಲ್ಲ. ಹುಬ್ಬಳ್ಳಿ ತಾರೀಕು ಬಿಡಬೇಡಿ." ಕಾಮಿ ಅಲ್ಲೇ ಫೋನು ತೆಗೆದು, ತಾರೀಕಿಗೆ ಬರುತ್ತೇನೆಂದು ಹುಬ್ಬಳ್ಳಿಗೆ ಹೇಳಿದಳು. ಹೇಳಿ ಮುಗಿಸಿ ಅತ್ತಿಗೆಯ ತೋಳಿಗೆ ಒಂದು ಗುದ್ದು ಕೊಟ್ಟಳು. "ಕಳ್ಳಿ!" ಎಂದಳು. ಅವಳ ಕಣ್ಣೂ ಒದ್ದೆಯಾಗಿತ್ತು.

ಉಮಾ ಹಳೆಯ ಎರಡುಗಳನ್ನು ಅಳಿಸಲಿಲ್ಲ. ಒಂದೊಂದರ ಮೇಲೂ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಏಳು ಬರೆದು, ಇವತ್ತಿನ ತಾರೀಕು ಹಾಕಿದಳು. ತಪ್ಪೂ ಕಾಣಬೇಕಂತೆ, ತಿದ್ದಿದ್ದೂ ಕಾಣಬೇಕಂತೆ. ಅಷ್ಟರಲ್ಲಿ ಡಾಕ್ಟರಿಗೆ ಏನೋ ಹೊಳೆದು ಮುಖ ಬಿಳಿಚಿತು.

"ಸುಕ್ರಕ್ಕ, ಈ ಅಧ್ಯಯನದಲ್ಲಿ ನಿಮ್ಮ ಕಡೆಯವರು ಇನ್ನೂ ಹನ್ನೊಂದು ಜನ ಇದ್ದಾರೆ. ಅವರೂ ಹೀಗೇನಾ?"

"ನಮ್ಮ ಕಡೆ ಯಾರು ವೈದ್ಯರ ಮುಖಕ್ಕೆ ಹೇಳ್ತ್ರು ಅಕ್ಕೋರೆ?" ಎಂದಳು ಸುಕ್ರಿ. ಹೇಳಿದ ಮೇಲೆ ಅದರ ಭಾರ ಅವಳಿಗೇ ತಾಗಿತು. ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು. "ಈ ಹುಡುಗಿ ಉಮಾ ಒಬ್ಬಳೇ ಕೇಳೂಕೆ ಹೋದ್ರೆ ಯಾರೂ ಬಾಯಿ ಬಿಡೂದಿಲ್ಲ. ನಾ ಸಂಗ್ತಿಗೆ ಹೋತೆ. ಹನ್ನೊಂದು ಮನೆಗೂ ಹೋತೆ."

"ಈ ಕಾಲಲ್ಲಾ?" ಎಂದರು ಡಾಕ್ಟರು.

"ಮತ್ತೆ ಬೇರೆ ಕಾಲು ಎಲ್ಲಿತ್ತು ನಂಗೆ?"

ಹೋದಳು. ದಿನಕ್ಕೆ ಎರಡು ಮನೆ, ಒಮ್ಮೊಮ್ಮೆ ಒಂದೇ. ಪ್ರತಿ ಜಗಲಿಯಲ್ಲೂ ಮೊದಲು ತನ್ನ ಬಾತ ಮೊಣಕಾಲು ಚಾಚಿ ತೋರಿಸುವುದು, "ನಂದು ಏಳು. ನಾ ಅಕ್ಕೋರಿಗೆ ಹೇಳಿದೆ, ಅವರ ಕೈಗೆ ಎಂತದೂ ಆಗಲಿಲ್ಲ. ಈಗ ನಿಮ್ಮದು ಹೇಳಿ" ಎನ್ನುವುದು. ಒಬ್ಬರು ಎಂಟು ಎಂದರು, ಒಬ್ಬರು ಆರು. ರಾಮನಾಥ ಎಂಬುವನು ತಾನು ಗುಟ್ಟಿನಲ್ಲಿ ನೋವಿನ ಗುಳಿಗೆ ನುಂಗುತ್ತಿದ್ದುದನ್ನೂ ಒಪ್ಪಿಕೊಂಡ. ಉಮಾ ಎಲ್ಲವನ್ನೂ ಬರೆದುಕೊಂಡಳು. ಹತ್ತು ಮನೆ ಮುಗಿಯುವಾಗ ಆ ಹುಡುಗಿಯ ಮುಖ ಬಾಡಿತ್ತು. ಸುಕ್ರಿಯ ಮನಸ್ಸೂ ಬಾಡಿತ್ತು. ಯಾರಿಗೂ ತಾಗದ ಮದ್ದಿಗಾಗಿ ಇಷ್ಟು ಜನ ಸೊಂಟ ಚುಚ್ಚಿಸಿಕೊಂಡದ್ದೇ?

ಕೊನೆಯದು ಮಂಜಗುಣಿಯ ಜಟ್ಟುವಿನ ಮನೆ. ಅರವತ್ತು ದಾಟಿದ ಜಟ್ಟು ಹೊಳೆಯಂಚಿನ ಗದ್ದೆಗಳಿಗೆ ಮಣ್ಣು ಹೊತ್ತು ಮೊಣಕಾಲು ಸವೆಸಿಕೊಂಡವನು.

"ಎರಡು," ಎಂದ ಜಟ್ಟು.

ಸುಕ್ರಿಗೆ ರೇಗಿತು. "ಜಟ್ಟಣ್ಣ, ಹತ್ತು ಮನೆಯಲ್ಲಿ ಇದೇ ಪುರಾಣ ಕೇಳಿ ಬಂದೆ. ನಿಜ ಹೇಳು!"

ಜಟ್ಟು ಜಗಲಿಯಿಂದ ಇಳಿದು ಅಂಗಳದ ನಡುವೆ ಕುಕ್ಕರಗಾಲಲ್ಲಿ ಕೂತ. ಕೈಗಳೆರಡನ್ನೂ ಎದೆಗೆ ಕಟ್ಟಿಕೊಂಡು, ನೆಲ ಮುಟ್ಟದೆ, ಕಂಬ ಹಿಡಿಯದೆ ಎದ್ದು ನಿಂತ. ಮತ್ತೆ ಕೂತ, ಮತ್ತೆ ಎದ್ದ.

"ಎರಡೇ ಮಾರಾಯ್ತಿ," ಎಂದ. "ಗುಳಿಗೆ ಇಲ್ಲ, ಎಂತದೂ ಇಲ್ಲ. ನಂಬದಿದ್ರೆ ಇನ್ನೊಂದು ಸಲ ಕೂತ್ಕಳ್ಲಾ?"

ಸುಕ್ರಿಗೆ ಹೊಟ್ಟೆಕಿಚ್ಚಾಯಿತು, ಸುಳ್ಳು ಯಾಕೆ ಹೇಳಬೇಕು. ಆದರೆ ಅದಕ್ಕಿಂತ ದೊಡ್ಡ ಸಂತೋಷವೂ ಆಯಿತು. ಅವಳು ತನ್ನ ಏಳರ ನೋವಿನ ಮೊಣಕಾಲನ್ನು ಎರಡೂ ಕೈಯಿಂದ ಒತ್ತಿ ಹಿಡಿದುಕೊಂಡು, ಉಮಾಳ ಕಡೆ ತಿರುಗಿದಳು.

"ಬರಿ ತಂಗಿ, ಎರಡು. ನಾ ಕಣ್ಣಾರೆ ಕಂಡೆ ಅಂತ ಪಕ್ಕದಲ್ಲಿ ಬರಿ. ನನ್ನ ಹೆಬ್ಬೆಟ್ಟೂ ಒತ್ತಿಸ್ಕೊ."