ಉಪ್ಪು ಹೂವಿನ ನೀರು

ಬಿಳಿ ಕಾಲುಚೀಲದ ಹಿಮ್ಮಡಿ, ಮೂಗಿನಿಂದ ಒಂದು ಗೇಣು ದೂರ, ಕೋಟೆ ಗೋಪುರದ ಏಣಿಯಂಥ ಕಡಿದಾದ ಮೆಟ್ಟಿಲ ಮೇಲೆ ನಿಂತೇಬಿಟ್ಟಿದೆ, ಶುಂಜಿಯ ತಾಯಿಯ ಹಿಮ್ಮಡಿ, ಮೇಲೆ ಯಾರೋ ಫೋಟೊ ತೆಗೆಯುತ್ತಿರಬೇಕು, ಸಾಲು ಅಲುಗುತ್ತಿಲ್ಲ, ಒರಿಯೆ ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಬಾಗಿಲಲ್ಲೇ ಬಿಚ್ಚಿಸಿದ ತನ್ನ ಬೂಟು ತುಂಬಿದ ಪ್ಲಾಸ್ಟಿಕ್ ಚೀಲ ಹಿಡಿದು ನಿಂತಿದ್ದಾಳೆ — ಹಿಂದಕ್ಕೆ ಇಳಿಯುವಂತಿಲ್ಲ, ಇದು ಹತ್ತೋಕೆ ಮಾತ್ರ, ಇಳಿಯೋದು ಆಚೆ ಕಡೆಯಿಂದ, ಕೋಟೆ ಬಾಗಿಲ ಕಾವಲುಗಾರ ಮೂರು ಸಲ ಹೇಳಿದ್ದ, ಬೆನ್ನ ಹಿಂದೆ ಶುಂಜಿ, ಅವನ ಹಿಂದೆ ಬಸ್ಸಿನಲ್ಲಿ ಬಂದ ಮುದುಕರು, ಏನ್ರೀ, ಮೇಲೆ ದೊರೆಗಳು ಊಟಕ್ಕೆ ಕೂತಿದಾರಾ, ಎಂದ ಒಬ್ಬ, ಎಲ್ಲರೂ ನಕ್ಕರು, ಹಿಮ್ಮಡಿ ಮಾತ್ರ ಕದಲಲಿಲ್ಲ. ಕುಡಿಯಬಾರದಿತ್ತು. ಕೆಳಗಿನ ಚಹಾದಂಗಡಿಯಲ್ಲಿ ಶುಂಜಿಯ ತಾಯಿ ತಾವೇ ಹೇಳಿ ತರಿಸಿದ್ದರು, ಚಹಾ ಅಲ್ಲ, ಉಪ್ಪಿನಲ್ಲಿಟ್ಟ ಚೆರ್ರಿ ಹೂವನ್ನು ಬಿಸಿನೀರಿನಲ್ಲಿ ಅರಳಿಸಿದ್ದು, ಕುಡಿಯಮ್ಮ, ಹೂವಿನ ಕಾಲ ಅಲ್ವಾ, ಅವಳಿಗೂ ಬಾಯಾರಿತ್ತು, ಹೂವಿನ ಕಾಲ ಎಂದೇ ನಂಬಿ ತಳದ ಹೂವನ್ನೂ ಬಿಡದೆ ಕುಡಿದಳು, ಬಟ್ಟಲು ಕೆಳಗಿಟ್ಟಾಗ ಆಕೆಯ ಕಣ್ಣು ತುಂಬಿತ್ತು, ಆಗ ಹೊಳೆಯಿತು — ಅಕ್ಕನ ನಿಶ್ಚಿತಾರ್ಥ, ಇದೇ ನೀರು, ಶುಭಕ್ಕೆ ಚಹಾ ಬೇಡ ಕಣೇ, ಅದು ಕಲಕಿದ ನೀರು, ಎಂದಿದ್ದಳು ಅಜ್ಜಿ — ಯಾರೂ ಏನೂ ಕೇಳಲಿಲ್ಲ, ಕುಡಿದದ್ದೇ ಒಪ್ಪಿಗೆ, ಆಗಿಹೋಯಿತು. ಈ ಮದುವೆ ಬೇಡ ಎನ್ನುವುದಕ್ಕೇ ಬಂದಿದ್ದಳಲ್ಲ ಇವತ್ತು, ಟ್ರಾಮ್ ಓಡಿಸುವ ಲೈಸೆನ್ಸು ಸಿಕ್ಕಿ ಇಪ್ಪತ್ತು ದಿನ, ಬೆಳಗಿನ ಮೊದಲ ಟ್ರಾಮು, ಹಿತ್ತಾಳೆ ಹಿಡಿಯ ತಂಪು ಅಂಗೈಯಲ್ಲಿ, ಶುಂಜಿಯ ಕುರಾಮೊತೊ ಮನೆತನದವರು ಸೋಯಾ ಹುದುಗಿಸಿ ಮಿಸೊ ಮಾಡಿ ಮಾರುವ ಅಂಗಡಿಯಿರುವ ಕಣಿವೆಯಲ್ಲಿ ಹಳಿಯೇ ಇಲ್ಲ, ನಮ್ಮ ಅಂಗಡಿ ವ್ಯಾನ್ ಓಡಿಸ್ಕೊಂಡಿರು, ಬೇಕಾದ್ರೆ ಅದಕ್ಕೊಂದು ಗಂಟೆ ಕಟ್ಟಿಸ್ಕೊಡ್ತೀನಿ, ಎಂದು ಶುಂಜಿ ನಕ್ಕಿದ್ದ, ಅವಳೂ ನಕ್ಕಿದ್ದಳು, ಯಾಕೆ ನಕ್ಕೆ — ಈಗಲೇ ಹೇಳಬೇಕು, ಮುಖ ಕಾಣದಿರುವಾಗಲೇ, ಈ ಹಿಮ್ಮಡಿಗೇ, ಕುರಾಮೊತೊ ಅವರೇ, ನನ್ನಿಂದ ಆಗಲ್ಲ, ಇಷ್ಟೇ, ಬಾಯಿ ತೆರೆದಳು, ಅಷ್ಟರಲ್ಲಿ ಸವೆದು ನುಣುಪಾದ ಮರದ ಮೇಲೆ ಹಿಮ್ಮಡಿ ಸರ್ರನೆ ಜಾರಿತು, ಅತ್ತೇ, ಹುಷಾರು! — ಯಾರು ಕೂಗಿದ್ದು, ತನ್ನದೇ ದನಿ, ಇವಳ ಅಂಗೈ ಆ ಹಿಮ್ಮಡಿಯನ್ನು ಗಟ್ಟಿಯಾಗಿ ಹಿಡಿದಿದೆ, ಬೂಟಿನ ಚೀಲ ಎಲ್ಲಿ ಬಿತ್ತೋ, ಮೇಲಿನಿಂದ, ತಿರುಗದೆಯೇ, ಮೆಲ್ಲನೆ, ಕೇಳಿಸ್ತೇನೋ ಶುಂಜಿ, ಅತ್ತೆ ಅಂದ್ಲು, ಬಿಡಬೇಕು, ಕೈ ಬಿಡಬೇಕು, ಬಿಟ್ಟರೆ ಬೀಳುತ್ತಾರೆ, ಅಂಗೈಯಲ್ಲಿ ಹಿಮ್ಮಡಿ, ಬೆಚ್ಚಗೆ, ಬೆಳ್ಳಗೆ, ಭಾರ, ಹಿಮ್ಮಡಿ